ಬೆಂದ ಕಲ್ಲಿನ ನೀರು

ಕಿರ್ಗಿಜ್ ನಾಡಿನ ಅಲಾಯ್ ಬೆಟ್ಟದ ತಪ್ಪಲಿನ ಓಣಿಗೆ ಕೊಳಾಯಿ ಬಂದ ದಿನ ಝೈನೆಪ್ ಮನಸ್ಸಿನಲ್ಲೇ ಕುಣಿದಳು. ಮಗಳು ನುರ್ಝಾತ್‌ಗೆ ಭೇದಿ ನಿಂತಂತೆ ಮಾಡಿ ಮತ್ತೆ ಶುರುವಾಗುತ್ತಿತ್ತು. ಇನ್ನೊಮ್ಮೆ ಹೀಗಾದರೆ ಮಗು ಉಳಿಯುವುದು ಕಷ್ಟ, ಕೊಳಾಯಿ ನೀರನ್ನು ಕುದಿಸಿಯೇ ಕೊಡು ಎಂದು ಡಾಕ್ಟರಮ್ಮ ಗದರಿ ಕಳಿಸಿದ್ದರು.

ಆದರೆ ಊರ ಹಿರಿಯರೂ ಅವಳ ಮಾವನೂ ಆದ ಮಮಾಸಾದಿಕ್ ಮೊದಲ ಗುಟುಕಿಗೇ ಮುಖ ಕಿವುಚಿದರು. ಏಳು ಕಲ್ಲು ದಾಟಿದರೆ ನೀರಿನ ಕೊಳೆ ಹೋಗುತ್ತದೆಂದು ಅವರ ನಂಬಿಕೆ. ಕೊಳವೆಯ ಕತ್ತಲಲ್ಲಿ ಬಂದ ಈ ನೀರು ಒಂದಾದರೂ ಕಲ್ಲು ಕಂಡಿದೆಯೇ? ಸತ್ತ ನೀರು ಎಂದು ತೀರ್ಪು ಕೊಟ್ಟರು.

ಗಂಡಸರು ನದಿಯಿಂದ ಏಳು ಚಂದದ ಕಲ್ಲು ತಂದು ಓಣಿಯ ಕಾಲುವೆಯಲ್ಲಿ ಸಾಲಾಗಿ ಕೂರಿಸಿದರು. ಕೊಳಾಯಿ ನೀರು ಅಲ್ಲಿಗೆ ಬಿದ್ದು, ಬಾತುಕೋಳಿಗಳ ನಡುವೆ ನುಸುಳಿ, ಮಾವನ ಹಸುವಿನ ಕಾಲು ತೊಳೆದು, ಎರಡು ಮನೆಗಳ ಕಕ್ಕಸಿನ ಬೆನ್ನು ಸವರಿ, ಏಳನೆಯ ಕಲ್ಲು ದಾಟಿದ ಮೇಲೆ ಹೆಂಗಸರು ತುಂಬಿಕೊಳ್ಳಬೇಕು. ಚಹಾಕ್ಕೆ ಕುದಿಸಬಹುದು, ಕುಡಿಯಲೂ ಕುದಿಸಿದರೆ ಕಲ್ಲುಗಳಿಗೆ ಅವಮಾನ. ಊರಿಗೆ ಊರೇ ತಲೆದೂಗಿತು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ನುರ್ಝಾತ್ ಮತ್ತೆ ಹಾಸಿಗೆ ಹಿಡಿದಳು. ಕಣ್ಣು ಗುಳಿಬಿದ್ದವು. ಆದರೆ ಕಿರ್ಗಿಜ್ ಮನೆಯಲ್ಲಿ ಸೊಸೆ ಮಾವನೆದುರು ದನಿಯೆತ್ತುವುದುಂಟೇ? ಅವಳು ಕಾಲುವೆಗಿಳಿದು ಏಳೂ ಕಲ್ಲು ಕಿತ್ತು ತಂದಳು. ತಿಕ್ಕಿ ತೊಳೆದು, ದೊಡ್ಡ ಕಡಾಯಿಗೆ ಹಾಕಿ, ಕೊಳಾಯಿ ನೀರು ಸುರಿದು ಒಲೆ ಹೊತ್ತಿಸಿದಳು.

ಬೇಲಿಯಾಚೆ ಜನ ನೆರೆದರು. ಮಾವ ಕೋಲೂರಿಕೊಂಡು ಬಂದರು.

"ಏನಮ್ಮಾ ಬೇಯಿಸ್ತಿದ್ದೀಯ?"

"ಕಲ್ಲು, ಮಾವ."

ಉಪ್ಪು ಹಾಕಿದೆಯಾ ಎಂದು ಬೇಲಿಯಾಚೆಯಿಂದ ಯಾರೋ ಛೇಡಿಸಿದರು. ಝೈನೆಪ್ ತಗ್ಗಿಸಿದ ತಲೆ ಎತ್ತಲಿಲ್ಲ.

"ಊರಿನ ಕೊಳೆಯೆಲ್ಲಾ ನೆಕ್ಕಿ ಪಾಪ ಇವಕ್ಕೇ ಹೊಟ್ಟೆ ಕೆಟ್ಟಿದೆ, ಮಾವ. ಹುಷಾರಾಗೋವರೆಗೂ ದಿನಾ ಬೇಯಿಸ್ತೀನಿ. ಆ ನೀರನ್ನೇ ಮಗೂಗೆ ಕೊಡ್ತೀನಿ. ಏಳೂ ಕಲ್ಲು ಮುಟ್ಟಿದ ನೀರೇ ಅಲ್ವಾ?"

ಮಮಾಸಾದಿಕ್ ಗಡ್ಡ ನೀವಿಕೊಂಡು ತಪ್ಪು ಹುಡುಕಿದರು. ಸಿಗಲಿಲ್ಲ. ಕೊನೆಗೆ ಜನರತ್ತ ತಿರುಗಿ, ಇಷ್ಟು ದಿನ ಹಸಿ ಕಲ್ಲಿನ ನೀರು ಕುಡಿದು ಕೆಟ್ಟೆವು ಎಂದು ಸಾರಿದರು. ಸ್ವಲ್ಪ ದಿನದಲ್ಲೇ ಮನೆಮನೆಯ ಕಡಾಯಿಯಲ್ಲೂ ಕಲ್ಲು ಕುದಿಯತೊಡಗಿತು. ಮೆತ್ತಗಾಯಿತೇ ಎಂದು ಮುದುಕಿಯರು ಸೌಟಿನಿಂದ ಕುಟ್ಟಿ ನೋಡುತ್ತಿದ್ದರು.

ನುರ್ಝಾತ್ ಎದ್ದು ಕೂತ ದಿನ ಝೈನೆಪ್ ಕುದಿಸಿ ಆರಿಸಿದ ನೀರಿನ ಮೊದಲ ಬಟ್ಟಲನ್ನು ರೂಢಿಯಂತೆ ಮಾವನಿಗೆ ಕೊಟ್ಟಳು. ಅವರು ಕುಡಿಯದೆ ಅದನ್ನು ಮೊಮ್ಮಗಳ ತುಟಿಗೆ ಹಿಡಿದರು. ಮಗು ಪೂರಾ ಕುಡಿದ ಮೇಲೆ, ಸೊಸೆಯ ಮುಖ ನೋಡದೆ ಮೆಲ್ಲಗೆ ಹೇಳಿದರು:

"ಹೊಟ್ಟೆ ಕೆಟ್ಟಿದ್ದು ಕಲ್ಲಿಗಲ್ಲ ಅಂತ ನಂಗೂ ಗೊತ್ತಾಯ್ತು, ಮಗಳೇ. ಊರಿಗೆ ಹೇಳ್ಬೇಡ."