ಕಣ್ಣು ಬಂತು

ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ ವತ್ಸಲಾಳದ್ದು ಜೀವ ತುಂಬುವ ಕೆಲಸ. ಹೀಗೆಂದರೆ ಜಂಬ ಅಂದುಕೊಳ್ಳಬೇಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಗಿಯ ಗುಂಡಿಯಷ್ಟೂ ಇಲ್ಲದ ಚಕ್ರವನ್ನು ಚಿಮಟದಲ್ಲಿ ಹಿಡಿದು ಅದರ ಜಾಗದಲ್ಲಿ ಕೂರಿಸಬೇಕು. ಅಲ್ಲಿಯವರೆಗೆ ತೆಪ್ಪಗೆ ಬಿದ್ದಿದ್ದ ಲೋಹದ ಚೂರುಗಳು ಆ ಕ್ಷಣದಲ್ಲಿ ಉಸಿರಾಡತೊಡಗುತ್ತವೆ. ಕೆಲಸಕ್ಕೆ ಸೇರಿ ವರ್ಷಗಳಾದರೂ ಪ್ರತಿ ಸಲ ಅವಳ ಮೈ ಜುಮ್ಮೆನ್ನುತ್ತಿತ್ತು.

ಆ ಬೇಸಿಗೆಯಲ್ಲಿ ಕಣ್ಣುಗಳೇ ಮುಷ್ಕರ ಹೂಡಿದವು. ರೆಪ್ಪೆಗಳು ಊದಿ ಬೋಂಡಾ ಆದವು. ಮಧ್ಯಾಹ್ನದ ಹೊತ್ತಿಗೆ ಒಂದು ಚಕ್ರ ಎರಡಾಗಿ ಕಾಣುತ್ತಿತ್ತು. ಗಂಡ ಹೊಡೆಯುತ್ತಾನೇನೋ ಎಂದು ಬಸ್ಸಿನಲ್ಲಿ ಪಿಸುಮಾತು ಬೇರೆ. ಪಾಪ, ಅವನು ಜಿರಲೆ ಕಂಡರೂ ಮಂಚ ಹತ್ತುವ ಆಸಾಮಿ. ಶನಿವಾರ ಸೂಪರ್‌ವೈಸರ್ ರಾಮಪ್ರಸಾದರು ಅವಳನ್ನು ಕರೆದರು.

“ಸೋಮವಾರ ನಿಮ್ಮ ಕಣ್ಣನ್ನ ನಾನೇ ನೋಡ್ತೀನಮ್ಮಾ. ಇನ್ನೂ ಹೀಗೇ ಇದ್ರೆ ಪ್ಯಾಕಿಂಗಿಗೆ ಹಾಕ್ಬೇಕಾಗುತ್ತೆ.”

ಪ್ಯಾಕಿಂಗ್ ಕೆಟ್ಟ ಕೆಲಸವೇನಲ್ಲ. ಆದರೆ ಅಲ್ಲಿಗೆ ಗಡಿಯಾರ ಬರುವುದು ಹುಟ್ಟಿಯಾದ ಮೇಲೆ. ಹುಟ್ಟುವುದನ್ನು ನೋಡುವ ಭಾಗ್ಯ ತಪ್ಪಿಹೋಗುತ್ತದಲ್ಲ ಎಂದು ವತ್ಸಲಾ ದಾರಿಯುದ್ದಕ್ಕೂ ಕಣ್ಣು ಉಜ್ಜಿಕೊಳ್ಳುತ್ತಲೇ ಮನೆಗೆ ಬಂದಳು.

ಮನೆಯ ಓನರ್ ಅಂಜಿನಮ್ಮ ಊರಿನ ಹಳೇ ಒಕ್ಕಲಿನಾಕೆ. ಸಂಜೆ ಹಸುವಿಗೆ ಬೂಸಾ ಕಲಸುತ್ತಿದ್ದವರು ವತ್ಸಲಾಳ ಮುಖ ನೋಡಿದ್ದೇ ಕೈ ತೊಳೆದುಕೊಂಡು ಬಂದರು.

“ಏನ್ ಮಗಾ, ಕಣ್ಣು ಇಂಗೆ ಊದ್ಕೊಂಡವೆ? ಇತ್ಲಾಗೆ ನಂದಿಬಟ್ಲು ಗಿಡ ಇಟ್ಕೊಂಡು ಕಣ್ ಉಜ್ಕೊತಾ ಕೂತಿದ್ದೀಯಲ್ಲ!”

ದಿನವೂ ದೇವರಿಗೆಂದು ಹೂ ಕೀಳುತ್ತಿದ್ದ ಗಿಡವದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ಅಂಜಿನಮ್ಮ ಕಾಯಿಸಿ ಆರಿಸಿದ ನೀರಿಗೆ ಬೊಗಸೆ ಹೂವನ್ನು ಹಾಕಿ, ಮೇಲೆ ತೆಳುಬಟ್ಟೆ ಕಟ್ಟಿ ಇಟ್ಟರು. ಭಾನುವಾರ ಊಟವಾದ ಮೇಲೆ ಆ ನೀರನ್ನು ಸೋಸಿ, ಹತ್ತಿಯಲ್ಲಿ ಅದ್ದಿ, ಹಿತ್ತಲ ಜಗಲಿಯ ಚಾಪೆಯ ಮೇಲೆ ಮಲಗಿದ್ದವಳ ಮುಚ್ಚಿದ ರೆಪ್ಪೆಗಳ ಮೇಲಿಟ್ಟರು.

“ಗುಣ ಆಗುತ್ತಾ ಅಂಜಿನಮ್ನೋರೇ?”

“ಸುಮ್ಕೆ ಮಕ್ಕೊ. ಕೈಕಾಲಿಗೆ ಬಾನ್‌ವಾರ ಕೊಡ್ತೀರ, ಕಣ್ಣಿಗೆ ಬ್ಯಾಡ್ವಾ?”

ಮೊದಲು ತಂಪು ರೆಪ್ಪೆಗೆ ತಾಕಿತು. ಆಮೇಲೆ ಹಣೆಗೆ ಹತ್ತಿ, ಕೆನ್ನೆಗೆ ಇಳಿದು, ಭುಜದವರೆಗೂ ಹರಡಿತು. ಕಣ್ಣಿನ ಹಿಂದೆ ಇಷ್ಟೊಂದು ಬಿಗಿ ಇತ್ತೆಂದು ಅದು ಸಡಿಲವಾದಾಗಲೇ ಅವಳಿಗೆ ಗೊತ್ತಾದದ್ದು. ಅಂಜಿನಮ್ಮ ಮತ್ತೆ ಮತ್ತೆ ಹತ್ತಿ ಬದಲಿಸಿದರು. ವತ್ಸಲಾಳಿಗೆ ಗೊರಕೆಯೇ ಬಂತು.

ಎದ್ದಾಗ ಇಳಿಬಿಸಿಲು. ಎದುರಿಗೇ ನಂದಿಬಟ್ಟಲು. ಅವಳು ಒಂದು ಹೂವನ್ನು ಕಿತ್ತು ಹತ್ತಿರ ಹಿಡಿದಳು, ಹಿಡಿದವಳು ಹಾಗೇ ನಿಂತುಬಿಟ್ಟಳು. ಐದು ಎಸಳು, ಐದೂ ಒಂದೇ ಕಡೆಗೆ ತಿರುಚಿಕೊಂಡಿವೆ. ಇನ್ನೇನು ತಿರುಗುತ್ತೇನೆ ಎನ್ನುವ ಚಕ್ರ! ಒಂದೊಂದು ಎಸಳಿನ ಅಂಚೂ, ಎಸಳೊಳಗಿನ ಎಳೆಗಳೂ ಬಿಡಿಬಿಡಿಯಾಗಿ ಕಂಡವು. ತಾನು ಕೂರಿಸುವ ಚಕ್ರವನ್ನು ಯಾರೋ ಬಹಳ ಹಿಂದೆಯೇ ಈ ಗಿಡದಲ್ಲಿ ಕೂರಿಸಿಟ್ಟಿದ್ದಾರಲ್ಲ ಎಂದು ಅವಳಿಗೆ ಬೆರಗಾಯಿತು. ಅವಳು ಅಂಜಿನಮ್ಮನ ಕಾಲು ಮುಟ್ಟಿ ನಮಸ್ಕರಿಸಿದಳು.

ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಗೆಳತಿ ವಾಸಂತಿ ಸಿಕ್ಕಳು. ಹಿಗ್ಗು ತಡೆಯಲಾಗದೆ ವತ್ಸಲಾ ದೂರದಿಂದಲೇ ಕೂಗಿದಳು: “ವಾಸಂತಿ, ನಂಗೆ ಕಣ್ಣು ಬಂತು ಕಣೇ!”

ಅಲ್ಲಿಗೆ ಕತೆ ಮುಗಿಯಿತು. ಊರಿಡೀ ಮದ್ರಾಸ್ ಐ ಹರಡಿದ್ದ ಕಾಲ. ‘ಕಣ್ಣು ಬಂತು’ ಎಂದರೆ ಕೆಂಗಣ್ಣು ಬಂತು ಎಂದು ಎಳೆಮಗುವಿಗೂ ಗೊತ್ತು. ವಾಸಂತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದಳು, ಸುದ್ದಿಯೂ ಅವಳ ಜೊತೆಗೇ ಓಡಿತು. ವತ್ಸಲಾ ಬಿಳಿ ಕೋಟು ತೊಟ್ಟು ಜೋಡಣೆಯ ಹಾಲಿನ ಬಾಗಿಲಿಗೆ ಬರುವಷ್ಟರಲ್ಲಿ ರಾಮಪ್ರಸಾದರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

“ಒಳಗೆ ಬರ್ಬೇಡಿ! ಮನೆಗೆ ಹೋಗಿ!”

“ಸಾರ್, ಆ ಕಣ್ಣಲ್ಲ! ನಿಜವಾಗ್ಲೂ ಕಣ್ಣು ಬಂದಿದೆ!”

“ಅದನ್ನೇ ನಾನೂ ಹೇಳ್ತಿರೋದು!”

“ಒಂದ್ಸಲ ಈ ಕಿಟಕೀಲಿ ನನ್ ಕಣ್ಣು ನೋಡಿ ಸಾರ್!”

ನೋಡಿದರೇ ಅಂಟುತ್ತದೆ ಎಂದು ನಂಬಿದ್ದ ಮನುಷ್ಯ ಗೋಡೆಯ ಕಡೆ ತಿರುಗಿಕೊಂಡರು. ಕಣ್ಣನ್ನು ಪರೀಕ್ಷಿಸಬೇಕಾದವರೇ ಕಣ್ಣು ನೋಡುವುದಿಲ್ಲ ಎಂದರೆ ಯಾರಿಗೆ ಹೇಳುವುದು? ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು ಅಂತಾರಲ್ಲ, ಹಾಗಾಯಿತು. ಈಗ ಅತ್ತರೆ ಕಣ್ಣು ಮತ್ತೆ ಊದುತ್ತದೆ. ವತ್ಸಲಾ ಹಲ್ಲು ಕಚ್ಚಿ ಅಳು ನುಂಗಿದಳು.

“ನೋಡ್ಬೇಡಿ ಸಾರ್. ಯಾರ ಕೈಲೂ ಓಡದೇ ಇರೋ ಗಡಿಯಾರ ಒಂದನ್ನ ಕಿಟಕೀಲಿ ಇಡಿ, ಸಾಕು.”

ಟ್ರೇ ದಾಟಿಸುವ ಪುಟ್ಟ ಕಿಟಕಿಯಲ್ಲಿ ರಾಮಪ್ರಸಾದರು ಮುಖ ತಿರುಗಿಸಿಕೊಂಡೇ ಒಂದು ಗಡಿಯಾರವನ್ನೂ ಚಿಮಟವನ್ನೂ ಇಟ್ಟರು. ಇಬ್ಬರು ಕೈಚೆಲ್ಲಿದ್ದ ಗಡಿಯಾರ. ವತ್ಸಲಾ ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿದಳು. ಕೂದಲಿಗಿಂತ ತೆಳುವಾದ ಸ್ಪ್ರಿಂಗ್ ಸುರುಳಿಯ ಒಂದೊಂದು ಸುತ್ತೂ ನಿನ್ನೆಯ ಎಸಳುಗಳಷ್ಟೇ ನಿಚ್ಚಳವಾಗಿ ಕಂಡಿತು. ಎರಡು ಸುತ್ತಿನ ನಡುವೆ, ಇದೆಯೋ ಇಲ್ಲವೋ ಎನ್ನುವಂತೆ, ನೂಲಿನ ಒಂದು ಎಳೆ. ಉಸಿರು ಬಿಗಿಹಿಡಿದು ಅದನ್ನು ಎಳೆದಳು.

ಚಕ್ರ ಒಮ್ಮೆ ನಡುಗಿ ಆ ಕಡೆ ಹೊರಳಿತು, ಈ ಕಡೆ ಹೊರಳಿತು, ಆಮೇಲೆ ನಿಲ್ಲಲೇ ಇಲ್ಲ.

ಟಿಕ್‌ಟಿಕ್ ಸದ್ದಿಗೆ ರಾಮಪ್ರಸಾದರು ಭಯ ಮರೆತು ತಿರುಗಿದರು. ಮೊದಲು ಗಡಿಯಾರ ನೋಡಿದರು. ಆಮೇಲೆ ಬಗ್ಗಿ, ಕಿಟಕಿಯಾಚೆಯಿಂದ ನೆಟ್ಟಗೆ ತಮ್ಮನ್ನೇ ನೋಡುತ್ತಿದ್ದ ಅವಳ ತಿಳಿಯಾದ ಕಣ್ಣುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಹೌದಲ್ರೀ,” ಎಂದರು, ಚಿಲಕ ತೆಗೆಯುತ್ತಾ. “ಕಣ್ಣು ಬಂದಿದೆ.”