ತಣ್ಣನೆಯ ಎಡೆ

ಚಿಕ್ಕಬಸಪ್ಪನ ಬಾಯಿಗೆ ಹೆದರದವರು ಪಣಕಹಳ್ಳಿಯಲ್ಲಿ ಯಾರೂ ಇರಲಿಲ್ಲ. ಮದುವೆ ಮನೆಯಲ್ಲಿ ಸಾರು ಕೆಟ್ಟಿದ್ದರೆ ಬೀಗರ ಎದುರಿಗೇ ಕೆಟ್ಟಿದೆ ಎನ್ನುವವನು. ಸಾವಿನ ಮನೆಯ ಜಗುಲಿಯಲ್ಲೇ ಕೂತು, ಕುಡಿದು ಸತ್ತ ಎಂದು ಹೇಳಿ ಎದ್ದು ಬಂದವನು. ಸಿಟ್ಟು ಬಂದರೆ ಎದುರಿಗಿರುವುದು ಎತ್ತೋ ಮನುಷ್ಯನೋ ಎಂದು ನೋಡುತ್ತಿರಲಿಲ್ಲ. ಅಂಥವನು ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಹೊಲದ ಮೋಟಾರು ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸತ್ತ ಇಲಿಯನ್ನು ಬೆಚ್ಚಗಿನ ನೀರಲ್ಲಿ ನೆನೆಸುತ್ತಾನೆ ಎಂದರೆ ಊರು ನಗದೆ ಇರುತ್ತದೆಯೇ? ನಕ್ಕಿತು. ಬೆನ್ನ ಹಿಂದೆ ನಕ್ಕಿತು.

ಇಲಿ ಹಾವಿಗೆ. ಹಾವು ಅವನ ತಮ್ಮ ಸ್ವಾಮಿಯದು.

ಅವ್ವ ತೀರಿಕೊಂಡಾಗ ಸ್ವಾಮಿ ಇನ್ನೂ ಅಂಬೆಗಾಲಿಡುತ್ತಿದ್ದ. ಆ ವರ್ಷವೇ ಚಿಕ್ಕಬಸಪ್ಪನನ್ನು ಮದುವೆಯಾಗಿ ಬಂದ ಶಾಂತಮಲ್ಲಮ್ಮ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವಳಿಗೆ ಮಕ್ಕಳಾಗಲಿಲ್ಲ, ಆಗಲಿಲ್ಲವಲ್ಲ ಎಂದು ಅತ್ತದ್ದನ್ನೂ ಯಾರೂ ನೋಡಲಿಲ್ಲ, ಸ್ವಾಮಿ ಇದ್ದನಲ್ಲ. ದೊಡ್ಡವನಾದ ಮೇಲೆ ಅವನು ತಾಳವಾಡಿಯಲ್ಲಿ ಐಸ್‌ಕ್ಯಾಂಡಿ ಅಂಗಡಿ ಇಟ್ಟ. ಈ ಬೆಟ್ಟದ ಚಳಿಯಲ್ಲಿ ಐಸ್‌ಕ್ಯಾಂಡಿ ಯಾರು ತಿನ್ನುತ್ತಾರೋ ಮುಠ್ಠಾಳ ಎಂದು ಅಣ್ಣ ಬೈದ. ಬೈದಂತೆಯೇ ಅಂಗಡಿ ಮುಚ್ಚಿತು. ಐಸ್‌ಪೆಟ್ಟಿಗೆ ಮಾತ್ರ ಎತ್ತಿನ ಗಾಡಿಯಲ್ಲಿ ಊರಿಗೆ ಬಂತು.

ಜೋಳದ ಹೊಲದಲ್ಲಿ ಟ್ರ್ಯಾಕ್ಟರ್ ಉಳುವಾಗ ನೇಗಿಲ ಗುಳಕ್ಕೆ ಸಿಕ್ಕಿ ಹೆಬ್ಬಾವಿನ ಮರಿಯೊಂದರ ಬೆನ್ನು ಮುರಿಯಿತು. ಸ್ವಾಮಿ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದ. ಮಾಂಸದ ವಾಸನೆ ಹೊಸ್ತಿಲು ದಾಟದ ಮನೆ. ಹಾವಿಗೆ ಮೋಟಾರು ಮನೆಯೇ ಗತಿಯಾಯಿತು. ಫಾರೆಸ್ಟ್ ವಾಚರ್ ಬಂದು ನೋಡಿ, ಇದು ಕಾಡಿಗೆ ಹೋದರೆ ಒಂದು ದಿನವೂ ಬದುಕುವುದಿಲ್ಲ, ವಾಸಿಯಾದರೆ ಬಿಟ್ಟುಬಿಡು ಎಂದು ಹೇಳಿ ಹೋದ. ವಾಸಿಯಾಗಲಿಲ್ಲ. ಬೆನ್ನು ಸೊಟ್ಟಗೇ ಉಳಿಯಿತು. ಬೇಟೆಯನ್ನು ಸುತ್ತಿ ಅಮುಕುವ ಶಕ್ತಿ ಅದಕ್ಕಿರಲಿಲ್ಲ. ಜೀವಂತ ಇಲಿಯನ್ನು ಒಮ್ಮೆ ಬಿಟ್ಟಾಗ ಇಲಿಯೇ ಅದರ ಮೂತಿ ಕಚ್ಚಿತು. ಅಂದಿನಿಂದ ಸತ್ತ ಇಲಿ. ಕಡಲೆಕಾಯಿ ಕೀಳುವ ಕಾಲದಲ್ಲಿ ಆಳು ರಾಚ ಬಿಲ ಅಗೆದು ರಾಶಿ ರಾಶಿ ಇಲಿ ಹಿಡಿಯುತ್ತಿದ್ದ. ಮಿಕ್ಕ ಕಾಲದಲ್ಲಿ ಒಂದೂ ಸಿಗದು. ಹಾಗಾಗಿ ಐಸ್‌ಪೆಟ್ಟಿಗೆಯೂ ಮೋಟಾರು ಮನೆ ಸೇರಿತು, ಕ್ಯಾಂಡಿ ಇಡುತ್ತಿದ್ದ ಕಡೆ ಪ್ಲಾಸ್ಟಿಕ್ ಕವರಿಗೆ ಒಂದೊಂದರಂತೆ ಇಲಿಗಳು ಕಲ್ಲಾಗಿ ಮಲಗಿದವು.

ಆಮೇಲೆ ಸ್ವಾಮಿಯ ಕಿಡ್ನಿ ಕೆಟ್ಟಿತು. ಮುಖ ಊದಿತು, ಕಾಲು ಊದಿತು, ಬಿಟ್ಟೂ ಬಿಡದ ಜ್ವರ ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಹೊರಡುವ ದಿನ ಅವನು ಅಣ್ಣನನ್ನು ಮೋಟಾರು ಮನೆಗೆ ಕರೆದುಕೊಂಡು ಹೋದ.

"ನಾ ಬರಗಂಟ ಇದನ್ನ ಉಳಿಸ್ಕೊ ಅಣ್ಣ. ಇದು ಕಾಯ್ತಾ ಅದೆ ಅಂದ್ರೆ ನಂಗೂ ಬರ್ಬೇಕು ಅನ್ಸುತ್ತೆ."

ಚಿಕ್ಕಬಸಪ್ಪ, ಹಾವಿನ ಗ್ಯಾನ ಬಿಟ್ಟು ನಿನ್ನ ಮೈ ನೋಡಿಕೋ ಎಂದು ರೇಗಿದ. ರೇಗುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ. ಇಲಿಯನ್ನು ಹಿಂದಿನ ಸಂಜೆಯೇ ಐಸಿನಿಂದ ತೆಗೆದು ಮುಚ್ಚಳದ ಡಬ್ಬಿಯಲ್ಲಿ ನೆರಳಲ್ಲಿಡಬೇಕು. ಬೆಳಿಗ್ಗೆ ಕವರಿನ ಸಮೇತ ಬಿಸಿನೀರಲ್ಲಿ ಬಿಡಬೇಕು. ಕುದಿವ ನೀರಲ್ಲ, ಕೂಸಿಗೆ ಎರೆಯುವ ನೀರಿನ ಹದ. ಕುದಿವ ನೀರಾದರೆ ಹೊರಗೆ ಬೆಂದು ಒಳಗೆ ಐಸೇ ಉಳಿಯುತ್ತದೆ. ಬೆರಳಿಟ್ಟು ಹೊಟ್ಟೆ ಒತ್ತಿ ನೋಡಬೇಕು. ಒಳಗೆ ಗಂಟು ಸಿಕ್ಕರೆ ಇನ್ನೂ ಆಗಿಲ್ಲ ಎಂದೇ ಲೆಕ್ಕ. ಹಾವಿಗೆ ತನ್ನದೆನ್ನುವ ಬಿಸಿ ಇಲ್ಲ, ಹೊಟ್ಟೆಯೊಳಗಿನ ಮಂಜುಗಡ್ಡೆಯನ್ನು ಅದು ಕರಗಿಸಲಾರದು; ನುಂಗಿದ್ದು ಅಲ್ಲೇ ಕೊಳೆತು ಹಾವು ಸಾಯುತ್ತದೆ. ಒಮ್ಮೆ ಕರಗಿದ ಇಲಿಯನ್ನು ಮತ್ತೆ ಐಸಿಗಿಡಬಾರದು. ಕರೆಂಟು ಹೋಗಿ ಪೆಟ್ಟಿಗೆ ನೀರಾದರೆ ಎಲ್ಲವನ್ನೂ ಗುಂಡಿಗೆ ಹಾಕಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಚಿಕ್ಕಬಸಪ್ಪ ಮೊದಲ ಸಲ ಇಲಿ ಮುಟ್ಟಿ ಬಂದಾಗ ಮೂರು ಚೆಂಬು ನೀರು ಸುರಿದುಕೊಂಡು ಲಿಂಗಪೂಜೆಗೆ ಕೂತ. ಆದರೂ ಅಂದು ಅನ್ನ ಸೇರಲಿಲ್ಲ. ಆಮೇಲಾಮೇಲೆ ಕೈ ಪಳಗಿತು. ನೀರಿನ ಹದ ನೋಡಲು ಮೊಣಕೈ ಅದ್ದುತ್ತಿದ್ದ. ಶಾಂತಮಲ್ಲಮ್ಮ ಹಾಗೆಯೇ ಮೊಣಕೈ ಅದ್ದಿ ನೋಡಿ ಸ್ವಾಮಿಗೆ ಎರೆಯುತ್ತಿದ್ದದ್ದು ಆಗೆಲ್ಲ ನೆನಪಾಗುತ್ತಿತ್ತು. ಇದ್ದಿಲು ಒಲೆ, ಹಳೇ ಅಲ್ಯೂಮಿನಿಯಂ ಬೋಗುಣಿ, ಹಾವಿನ ಪೆಟ್ಟಿಗೆಯ ಮೇಲೊಂದು ಉರಿವ ಬಲ್ಬು. ಆಸ್ಪತ್ರೆಗೆ ಹೋದಾಗಲೆಲ್ಲ ಸ್ವಾಮಿ ಮೊದಲು ಕೇಳುತ್ತಿದ್ದದ್ದು ಅದನ್ನೇ. ತಿಂತು ಕಣೋ ಎಂದು ಇವನು ಗದರುವಂತೆ ಹೇಳಿದರೆ ಊದಿದ ಮುಖ ಅರಳುತ್ತಿತ್ತು.

ಶಾಂತಮಲ್ಲಮ್ಮ ಮಾತ್ರ ಮೋಟಾರು ಮನೆಯ ಹತ್ತಿರಕ್ಕೂ ಸುಳಿಯಲಿಲ್ಲ. ಹಾವೆಂದರೆ ಹೆದರಿಕೆಗಿಂತ ಭಕ್ತಿ ಹೆಚ್ಚು. ಹೆಬ್ಬಾವಾದರೇನು ನಾಗರವಾದರೇನು, ಎಲ್ಲ ಒಂದೇ ಕುಲ ಎನ್ನುವಳು. ಅವಳಿಗೊಂದು ಸಂಕಟ ಹೊಕ್ಕಿತ್ತು. ಹುತ್ತಕ್ಕೆ ತನಿ ಎರೆಯುವಾಗ ಹಾಲು ಕಾಯಿಸುವುದುಂಟೇ? ಷಷ್ಠಿಯ ದಿನ ನಮ್ಮ ಮನೆಗಳಲ್ಲಿ ಒಲೆ ಮೇಲೆ ಹೆಂಚು ಇಡುವುದುಂಟೇ? ನಾಗಪ್ಪನಿಗೆ ಬಿಸಿ ಆಗದು. ಇವರು ನೋಡಿದರೆ ವಾರ ವಾರ ಬಿಸಿ ಎಡೆ ಇಡುತ್ತಾರೆ. ಅದೇ ಬಿಸಿ ಹುಡುಗನ ಮೈಗೆ ಜ್ವರವಾಗಿ ಹತ್ತಿದೆ ಎಂದು ಗಂಡನಿಗೆ ಒಮ್ಮೆ ಹೇಳಿಯೂ ಹೇಳಿದಳು. ಅವನು ತಟ್ಟೆ ತಳ್ಳಿ ಎದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಸುಬ್ಬರಾಯನ ಷಷ್ಠಿಯ ಬೆಳಿಗ್ಗೆ ಚಿಕ್ಕಬಸಪ್ಪ ಐಸ್‌ಪೆಟ್ಟಿಗೆಯಿಂದ ಇಲಿ ತೆಗೆದು ಡಬ್ಬಿಯಲ್ಲಿಟ್ಟ. ಹಿಂದಿನ ಸಂಜೆಯೇ ತೆಗೆಯಬೇಕಿತ್ತು, ರಾಗಿ ಮೆದೆ ಹಾಕುವ ಗಡಿಬಿಡಿಯಲ್ಲಿ ಮರೆತಿದ್ದ. ಮಧ್ಯಾಹ್ನದ ಹೊತ್ತಿಗೆ ಬೆಚ್ಚಗೆ ಮಾಡಿದರಾಯಿತು ಎಂದುಕೊಂಡು ಮನೆಗೆ ಬರುವಷ್ಟರಲ್ಲಿ ಟೆಲಿಫೋನ್ ಅಂಗಡಿಯ ಚನ್ನಯ್ಯ ಮೊಪೆಡ್ಡಿನಲ್ಲಿ ಬಂದು, ಮೈಸೂರಿಂದ ಫೋನ್ ಬಂದಿದೆ, ಸ್ವಾಮಿಗೆ ಜ್ಞಾನ ತಪ್ಪಿದೆಯಂತೆ ಎಂದ. ಚಿಕ್ಕಬಸಪ್ಪ ಪಂಚೆ ಬದಲಿಸದೆ ಹೊರಟ. ರಾಚನಿಗೆ ಹೇಳು, ಚೆನ್ನಾಗಿ ಬಿಸಿ ಮಾಡಿ ಹಾಕಲಿ ಎಂದು ಹೆಂಡತಿಗೆ ಕೂಗಿ ಹೇಳಿ, ಚನ್ನಯ್ಯನ ಹಿಂದೆ ಕೂತ.

ಆ ಸಂಜೆ ಸ್ವಾಮಿಯ ಜ್ವರ ಇಳಿಯಿತು. ಕಣ್ಣು ಬಿಟ್ಟು ನೀರು ಕೇಳಿದ. ನಾಲ್ಕು ದಿನ ತಮ್ಮನ ಮಂಚದ ಕೆಳಗೇ ಮಲಗಿದ್ದು ಚಿಕ್ಕಬಸಪ್ಪ ಊರಿಗೆ ಬಂದ. ಬಸ್ಸಿಳಿದವನು ಮನೆಗೂ ಹೋಗದೆ ನೇರ ಹೊಲಕ್ಕೆ ನಡೆದ.

ಮೋಟಾರು ಮನೆಯ ಬಾಗಿಲು ತೆಗೆದರೆ ವಾಸನೆ. ಬಲ್ಬು ಉರಿಯುತ್ತಲೇ ಇತ್ತು. ಹಾವು ಬಾಯಿ ಅರ್ಧ ತೆರೆದು, ಹೊಟ್ಟೆ ಡೋಲಿನಂತೆ ಉಬ್ಬಿ, ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ಮನೆಯ ಹಿತ್ತಾಳೆ ಬಟ್ಟಲು, ಅದರಲ್ಲಿ ಒಡೆದು ಗಟ್ಟಿಯಾದ ಹಾಲು, ಒಂದು ಚೂರು ಅರಿಶಿನ. ಬೋಗುಣಿ ಅವನು ಬೋರಲು ಹಾಕಿದಂತೆಯೇ ಇತ್ತು. ಒಲೆಯಲ್ಲಿ ಹೊಸ ಬೂದಿ ಇರಲಿಲ್ಲ.

ರಾಚ ಬಂದು ಇಣುಕಿದ. ತನಗೆ ಯಾರೂ ಹೇಳಿ ಕಳಿಸಲೇ ಇಲ್ಲ ಎಂದ. ಹಾವಿನ ಹೊಟ್ಟೆ ಮುಟ್ಟಿ ನೋಡಿ, ಬಟ್ಟಲನ್ನೂ ನೋಡಿದ.

"ಐಸ್ನೇ ನುಂಗ್‌ಬುಟ್ಟದೆ ಬುದ್ಧಿ. ಯಾರು ಆಕ್ದೋರು?"

"ಬಾಯ್ ಮುಚ್ಕೊಂಡು ಗುಂಡಿ ತೋಡ್ಲಾ."

ಚಿಕ್ಕಬಸಪ್ಪ ಬಟ್ಟಲನ್ನು ಕೈಯಲ್ಲಿ ಹಿಡಿದು ಮನೆ ಕಡೆ ನಡೆದ. ದಾರಿಯುದ್ದಕ್ಕೂ ಬೈಗುಳಗಳು ಬಾಯಲ್ಲಿ ಸಾಲುಗಟ್ಟಿದವು. ಹೊಸ್ತಿಲಲ್ಲೇ ಬಟ್ಟಲು ಬೀಸಿ ಒಗೆಯಬೇಕೆಂದಿದ್ದ. ಶಾಂತಮಲ್ಲಮ್ಮ ಅವನ ಹೆಜ್ಜೆ ಸದ್ದಿಗೇ ಓಡಿ ಬಂದಳು. ಅವನ ಕೈಯಲ್ಲಿದ್ದ ಬಟ್ಟಲು ನೋಡಿ ಅವಳ ಮುಖ ಬೆಳಗಿತು.

"ಎಂಗವ್ನೆ ನನ್ ಕೂಸು? ಷಷ್ಠಿ ದಿನ್ವೇ ಜರ ಬುಡ್ತಂತೆ, ಚನ್ನಯ್ಯ ಏಳ್ದ."

ಚಿಕ್ಕಬಸಪ್ಪ ಬಾಯಿ ತೆರೆದ. ಅವಳೇ ಮುಂದುವರಿಸಿದಳು. ರಾಚನಿಗೆ ಹೇಳಲಿಲ್ಲ, ತಾನೇ ಹೋದೆ ಎಂದಳು. ಮಡಿಯುಟ್ಟು, ಬಾವಿಯ ತಣ್ಣೀರಲ್ಲಿ ಆ ಇಲಿಯನ್ನು ಕೈಯಾರೆ ತೊಳೆದಳಂತೆ. ಹೇಸಿಗೆಯಿಂದ ಎರಡು ಸಲ ವಾಂತಿಯಾಯಿತಂತೆ. ಆದರೂ ಬಿಡದೆ ಕಾಯಿಸದ ಹಾಲಲ್ಲಿ ಅದ್ದಿ, ಅರಿಶಿನ ಮುಟ್ಟಿಸಿ, ನಾಗಪ್ಪನ ಮುಂದಿಟ್ಟು, ಇಷ್ಟು ದಿನ ಬಿಸಿ ಕೊಟ್ಟದ್ದನ್ನು ಹೊಟ್ಟೆಗೆ ಹಾಕಿಕೊಂಡು ಹುಡುಗನ ಬಿಸಿ ಇಳಿಸಪ್ಪ ಎಂದು ಕೈಮುಗಿದಳಂತೆ.

"ನಾ ಇನ್ನೂ ಕಣ್ ಮುಚ್ಕೊಂಡಿವ್ನಿ, ನುಂಗೇ ಬುಡ್ತು ಕಣಿ. ನನ್ ಕೈಯಿಂದ್ಲೇ."

ಹುಟ್ಟಿದಾಗಿನಿಂದ ಚಿಕ್ಕಬಸಪ್ಪ ಬಾಯಿಗೆ ಬಂದ ಮಾತನ್ನು ನುಂಗಿದವನಲ್ಲ. ಅಂದು ನುಂಗಿದ. ಹಾವು ಸತ್ತುಹೋಗಿದೆ ಎಂದಷ್ಟೇ ಹೇಳಿ ಬಟ್ಟಲನ್ನು ಅವಳ ಕೈಗೆ ಕೊಟ್ಟ. ಅವಳು ಗೋಡೆಗೊರಗಿ ಕೂತಳು. ಹುಡುಗನ ಗಂಡಾಂತರವನ್ನು ತನ್ನ ಮೇಲೆ ಎಳೆದುಕೊಂಡು ಹೋಯಿತು ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅವನು ಹಿತ್ತಿಲಿಗೆ ಹೋಗಿ, ಸೌದೆ ಬೇಕಿರದಿದ್ದರೂ ಕೊಡಲಿ ತೆಗೆದುಕೊಂಡು ಕತ್ತಲಾಗುವವರೆಗೆ ಸೀಳಿದ.

ಆಸ್ಪತ್ರೆಗೆ ಹೋಗುವ ದಿನ ಅವನು ಬೆಳಗಿನ ಬಸ್ಸು ಬಿಟ್ಟು ಮಧ್ಯಾಹ್ನದ್ದಕ್ಕೆ ಹೊರಟ. ಸ್ವಾಮಿ ದಿಂಬಿಗೊರಗಿ ಕೂತಿದ್ದ. ಕೈಗಳು ಒಣಗಿದ ಜೋಳದ ಕಡ್ಡಿಯಂತಾಗಿದ್ದವು. ಎಂದಿನ ಪ್ರಶ್ನೆ ಕೇಳಿದ. ಚಿಕ್ಕಬಸಪ್ಪ ತಿಂತು ಎನ್ನಲು ಹೋದ. ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೇ. ಹಾವು ಹೋಯಿತು ಎಂದ.

ಯಾವತ್ತು ಎಂದು ಸ್ವಾಮಿ ಕೇಳಿದ. ಷಷ್ಠಿ ಆದ ಮೇಲೆ ಎಂದ ಅಣ್ಣ. ಷಷ್ಠಿಗೆ ನೀನಿಲ್ಲಿದ್ದೆಯಲ್ಲ, ಇಲಿ ಯಾರು ಹಾಕಿದ್ದು ಎಂದು ಕೇಳಿದಾಗ ಇವನು ಕಿಟಕಿಯ ಕಡೆ ಮುಖ ತಿರುಗಿಸಿದ. ಷಷ್ಠಿಯ ದಿನ ಆ ಮನೆಯಲ್ಲಿ ನಾಗಪ್ಪನಿಗೆ ಏನನ್ನು ಹೇಗೆ ಕೊಡುತ್ತಾರೆಂದು ಸ್ವಾಮಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಿಕ್ಕವನಿದ್ದಾಗ ಅತ್ತಿಗೆಯ ಸೊಂಟದ ಮೇಲೆ ಕೂತು ಹುತ್ತಕ್ಕೆ ತಣ್ಣನೆ ಹಾಲೆರೆದ ಕೈ ಅವನದು.

"ಇಲಿನಾ ಮುಟ್ಟುದ್ಳಾ ಅತ್ಗೆ?"

"ಊಂ."

ಸ್ವಾಮಿ ಕಣ್ಣು ಮುಚ್ಚಿದ. ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

"ಅವ್ಳಿಗೆ ಏಳ್ಬೇಡ ಅಣ್ಣ."

"ನಂಗೇನ್ ಉಚ್ಚು ಇಡ್ದದೇನ್ಲಾ?" ಎಂದು ಚಿಕ್ಕಬಸಪ್ಪ ರೇಗಿದ. ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ರೇಗಿದ.

ಅದಾದ ಮೇಲೆ ಸ್ವಾಮಿ ಹಾವಿನ ಸುದ್ದಿ ಎತ್ತಲಿಲ್ಲ. ಊರಿಗೆ ಯಾವಾಗ ಹೋಗುವುದು ಎಂದೂ ಕೇಳಲಿಲ್ಲ. ಶಿವರಾತ್ರಿಗೆ ಮುಂಚೆ ಹೋಗಿಬಿಟ್ಟ. ಮೋಟಾರು ಮನೆಯ ಆಚೆ, ಹಾವನ್ನು ಹೂತ ಜಾಗದಿಂದ ಕೂಗಳತೆಯಲ್ಲಿ, ಅವನನ್ನು ಕುಳ್ಳಿರಿಸಿ ಮಣ್ಣು ಮಾಡಿದರು.

ಮತ್ತೆ ಷಷ್ಠಿ ಬಂತು. ಶಾಂತಮಲ್ಲಮ್ಮ ಹುತ್ತಕ್ಕೆ ಹೋಗಲಿಲ್ಲ. ಅದೇ ಹಿತ್ತಾಳೆ ಬಟ್ಟಲಲ್ಲಿ ಹಾಲು ಹಿಡಿದು ಹೊಲಕ್ಕೆ ಬಂದು, ಹಾವಿನ ಮಣ್ಣಿನ ಮೇಲೆ ಎರೆದಳು. ಹುಡುಗನ ಮಣ್ಣಿನ ಮೇಲೂ ಎರೆದಳು. ಚಿಕ್ಕಬಸಪ್ಪ ಬದುವಿನ ಮೇಲೆ ನಿಂತಿದ್ದ. ಅವಳು ಎದ್ದು ಅವನ ಹತ್ತಿರ ಬಂದಳು.

"ಅವ್ನು ಉಳೀನಿಲ್ಲ. ಆದ್ರೂ ನಾಗಪ್ಪ ನನ್ ಕೈಲಿ ಉಂಡೇ ಓಯ್ತು ಅಲ್ವಾ?"

"ಊಂ ಕಣಮ್ಮಿ. ನಿನ್ ಕೈಲೇ ಉಂಡ್ಕೊಂಡು ಓಯ್ತು."

ಅವಳು ಬಟ್ಟಲಲ್ಲಿ ಮಿಕ್ಕಿದ್ದ ಹಾಲನ್ನು ಅವನ ಬೊಗಸೆಗೆ ಬಗ್ಗಿಸಿದಳು. ಮಾರ್ಗಶಿರದ ಚಳಿಗೆ ಹಾಲು ಐಸಿನಂತಾಗಿತ್ತು. ಚಿಕ್ಕಬಸಪ್ಪ ಬೊಗಸೆ ಬರಿದಾಗುವವರೆಗೆ ಕುಡಿದ.