ಎರಡು ಗ್ರಾಂ ಸೀಸ

ಮುಂದಿನ ಕೋಣೆಯಲ್ಲಿ ದೊಡ್ಡಳಿಯನ ಹೆಣದ ಸುತ್ತ ಕೂತು ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರೆ, ಹಿಂದಿನ ರಿಪೇರಿ ಕೋಣೆಯಲ್ಲಿ ಚಿಕ್ಕಳಿಯ ಮಂಡಿಯೂರಿ, ದೊಡ್ಡಳಿಯ ಕೊನೆಯದಾಗಿ ಸರಿಮಾಡಿಟ್ಟಿದ್ದ ಪಟರ್‌ನ ತಳದಿಂದ ಸೀಸದ ಪಟ್ಟಿಯನ್ನು ಉಗುರಿನಲ್ಲಿ ಕೀಳುತ್ತಿದ್ದ.

ಗಾಲ್ಫ್ ಆಡುವವರು ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ಕೋಲು ಈ ಪಟರ್. ಅದರ ತಲೆ ಗುಲಗಂಜಿಯಷ್ಟು ಹೆಚ್ಚು ಭಾರವಾದರೂ ಚೆಂಡು ಪಕ್ಕದ ಜಿಲ್ಲೆಗೆ ಹೋಗುತ್ತದೆ. ಹಗುರವಾದರೆ ಹೊರಟಲ್ಲೇ ಸಂಸಾರ ಹೂಡುತ್ತದೆ. ತಳಕ್ಕೆ ಒಂದೆರಡು ಗ್ರಾಂ ಸೀಸದ ಪಟ್ಟಿ ಅಂಟಿಸಿ ಆ ತೂಕ ಕೂಡಿಸುವುದೇ ಈ ಇಬ್ಬರು ಷಡ್ಡಕರ ಕಸುಬು. ಒಂದೇ ಮಾವನ ಅಳಿಯಂದಿರು, ಒಂದೇ ಮೇಜಿನ ಎರಡು ತುದಿ, ಮೂವತ್ತೊಂದು ವರ್ಷ. ಚಿಕ್ಕಳಿಯನ ಬಳಿ ಸೊಳ್ಳೆ ಆಕಳಿಸಿದರೂ ಮುಳ್ಳು ಅಲುಗುವಂಥ ತಕ್ಕಡಿಯಿತ್ತು. ದೊಡ್ಡಳಿಯನ ಬಳಿ ಒಂದು ಮೊಂಡು ಕತ್ತರಿ. ಆದರೂ ಬಂದವರೆಲ್ಲ ಕೇಳುತ್ತಿದ್ದುದು "ದೊಡ್ಡೋರಿಲ್ವಾ?" ಎಂದೇ. ಕಡಿಮೆಯೆಂದರೂ ಎಂಟು ಲಕ್ಷ ಸಲ ಅದನ್ನು ಕೇಳಿದ್ದ ಚಿಕ್ಕಳಿಯನ ಹೊಟ್ಟೆಯ ಕಿಚ್ಚನ್ನು ಒಲೆಗೆ ಹಾಕಿದ್ದರೆ ಊರಿಗೆಲ್ಲ ಮೂರು ಹೊತ್ತು ಅಡುಗೆಯಾಗುತ್ತಿತ್ತು.

ಇವತ್ತೂ ಬಿಡಲಿಲ್ಲ. ಹೆಣದ ತಲೆದಿಕ್ಕಿನಲ್ಲಿ ನಿಂತ ಹಳೇ ಗಿರಾಕಿ ಹಲ್ಲಿನ ಡಾಕ್ಟರು ಇವನನ್ನೇ ನೋಡುತ್ತ, "ತಕ್ಕಡಿ ಯಾರ ಹತ್ರ ಬೇಕಾದ್ರೂ ಇರುತ್ತೆ. ಆ ಕೈ ಎಲ್ಲಿ ಸಿಗುತ್ತೆ?" ಎಂದರು. ಸತ್ತ ಮೇಲೂ ಗೆಲ್ಲುವ ಮನುಷ್ಯನ ಗುಟ್ಟೇನೆಂದು ನೋಡಿಯೇಬಿಡೋಣ ಎಂದು ಚಿಕ್ಕಳಿಯ ಒಳಗೆ ಬಂದಿದ್ದ.

ಪಟ್ಟಿ ಕಿತ್ತುಬಂತು. ಕೆಳಗೆ ಅಂಟಿನ ಕಲೆಗಳು, ಒಂದರ ಮೇಲೊಂದು. ಐದು ಸಲ ಹಚ್ಚಿ ಐದು ಸಲ ಕಿತ್ತದ್ದು. ಅಂದರೆ ಕುರುಡು ಅಂದಾಜು! ಚಿಕ್ಕಳಿಯನಿಗೆ ಎದ್ದು ಕುಣಿಯಬೇಕೆನಿಸಿತು.

* * *

ನಿನ್ನೆ ಮಧ್ಯಾಹ್ನವೂ ದೊಡ್ಡಳಿಯ ಎಂದಿನಂತೆ, "ಕೈ ತೊಳ್ಕೊಂಡ್ ಬರ್ತೀನಿ ಕಣಯ್ಯ" ಎಂದು ಇದೇ ಪಟರನ್ನು ಮೇಜಿನ ಮೇಲಿಟ್ಟು ಎದ್ದುಹೋಗಿದ್ದ. ಅವನ ಬೆನ್ನು ಮರೆಯಾದದ್ದೇ ಚಿಕ್ಕಳಿಯ ಅದನ್ನೆತ್ತಿ ಮೂರು ಸಲ ಬೀಸಿದ. ಮೂವತ್ತೊಂದು ವರ್ಷ ಕದ್ದು ಮಾಡಿದ್ದೂ ಇದನ್ನೇ. ಕೋಲಿನ ತಲೆ ತೊಟ್ಟಿಲಿನಂತೆ ತೂಗಿ ಬಂದು ತಾನೇ ನಿಂತಿತು, ತೂಕ ಕರಾರುವಾಕ್ಕು. ಚಿಕ್ಕಳಿಯನ ಮುಖ ಹರಳೆಣ್ಣೆ ಕುಡಿದಂತಾಯಿತು. ದೊಡ್ಡಳಿಯ ಸಿಳ್ಳೆ ಹಾಕುತ್ತ ಬಂದು ಪಟರಿಗೆ ಬಟ್ಟೆ ಸುತ್ತಿಟ್ಟಿದ್ದ.

* * *

"ಎಷ್ಟು ಸಲ ಕಿತ್ತಿದ್ದಾರೆ ಅಂತ ಎಣಿಸ್ತಿದೀರಾ?"

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು, ದೊಡ್ಡಳಿಯನ ಹೆಂಡತಿ. ಚಿಕ್ಕಳಿಯ ಪಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಅವರಿಗೆ ತೂಕ ಗೊತ್ತಾಗ್ತಿರಲಿಲ್ಲ," ಎಂದಳು. "ಕೈ ತೊಳೆಯೋ ನೆಪದಲ್ಲಿ ಹೊರಗೆ ಬಂದು ಕಿಟಕಿ ಸಂದೀಲಿ ನಿಮ್ಮ ಮುಖ ನೋಡೋರು. ನೀವು ಹಾಡು ಗುನುಗಿದ್ರೆ, 'ಕೆಟ್ಟಿದೆ ಕಣೇ' ಅಂತ ಮತ್ತೆ ಕೀಳೋರು. ಮುಖ ಗಂಟಿಕ್ಕಿದ್ರೆ ಮಾತ್ರ ಗಿರಾಕಿಗೆ. ನಿನ್ನೆ ಆರನೇ ಸಲಕ್ಕೆ ನೀವು ಗಂಟಿಕ್ಕಿದ್ರಂತೆ. ಇವರು ನೆಮ್ಮದಿಯಾಗಿ ಮಲಗಿದ್ರು. ಏಳಲೇ ಇಲ್ಲ."

"ನನ್ನನ್ನೇ ಕೇಳಬಹುದಿತ್ತಲ್ಲ ಅತ್ತಿಗೆ."

"ಕೇಳಿದ್ರೆ ನಿಜ ಹೇಳ್ತಿದ್ರಾ?" ಅವಳು ಸೆರಗಿನಿಂದ ಮೂಗೊತ್ತಿಕೊಂಡಳು. "'ಅವನ ಕೈಗಿರೋ ತಿಳಿವಳಿಕೆ ನನಗೆ ಬರಲಿಲ್ಲವಲ್ಲ' ಅಂತ ರಾತ್ರಿಯೆಲ್ಲ ಹೊರಳಾಡೋರು. ನಿಮ್ಮ ಹೊಟ್ಟೆಕಿಚ್ಚು ಅವರದರ ಮುಂದೆ ಏನೂ ಅಲ್ಲ."

ಪಟರು ಹಲ್ಲಿನ ಡಾಕ್ಟರದು, ಇವತ್ತೇ ಒಯ್ಯುತ್ತಾರಂತೆ ಎಂದು ಹೇಳಿ ಅವಳು ಹೋದಳು. ಹೊರಗೆ ಯಾರೋ, ಎತ್ತುವ ಹೊತ್ತಾಯಿತು, ಚಿಕ್ಕಳಿಯ ಎಲ್ಲಿ ಎಂದು ಕೂಗಿದರು. ಅವನು ಒಂದು ನಿಮಿಷ ಎಂದ.

ಕಿತ್ತ ಪಟ್ಟಿ ಮುದುಡಿ ಹೋಗಿತ್ತು. ಹೊಸದನ್ನು ಕತ್ತರಿಸಿ ಹಚ್ಚಿದ. ತಕ್ಕಡಿಯ ಕಡೆ ತಿರುಗಲಿಲ್ಲ. ಮೂರು ಸಲ ಬೀಸಿದ. ಆಮೇಲೆ ಪಟರನ್ನು ತಲೆಕೆಳಗು ಮಾಡಿ, ಹೊಳೆಯುವ ಉಕ್ಕಿನಲ್ಲಿ ತನ್ನ ಮುಖವನ್ನು ಹುಡುಕಿದ. ಅಲ್ಲಿ ಬಾಯಿ ಸೊಟ್ಟಗಿತ್ತು, ಕೆನ್ನೆ ಅಲುಗುತ್ತಿತ್ತು, ಏನೆಂದು ಓದಲಾಗಲಿಲ್ಲ. ಅಂಗಿಯ ತೋಳಿನಿಂದ ಉಕ್ಕನ್ನು ಒರೆಸಿ, ಮತ್ತೆ ನೋಡಿದ.